ಸೂರು ಹಾರಿದ ಮೇಲೆ ಗೋಡೆಯ ಕಡೆ ಕಣ್ಣಿಡಿ: ಭರಣಿ ಗಾಳಿಗೆ ಮನೆ ಬಿದ್ದಾಗ ಮಾಡಬೇಕಾದ್ದು

ಅಶ್ವಿನಿ, ಭರಣಿ, ಕೃತ್ತಿಕೆ. ಏಪ್ರಿಲ್ ಮಧ್ಯದಿಂದ ಮೇ ಕೊನೆಯ ವಾರದವರೆಗೆ ಸಾಲಾಗಿ ಬರುವ ಈ ಮೂರು ಮಳೆಗೆ ಮೈಸೂರು, ಮಂಡ್ಯದ ರೈತರು ಬಾನು ನೋಡುತ್ತಾ ಕೂರುತ್ತಾರೆ. ಹೆಂಚಿನ ಮನೆ, ಶೀಟಿನ ಮನೆಯವರು ಅದೇ ಮೋಡ ನೋಡಿ ಹೆದರುತ್ತಾರೆ. ಇಬ್ಬರೂ ಬಹುಪಾಲು ಒಂದೇ ಮನೆಯವರು. ನಾಲ್ಕು ಹನಿ ಬಿದ್ದರೆ ಎಳ್ಳು, ಅಲಸಂದೆ ಬಿತ್ತಬಹುದು ಅನ್ನುವ ಆಸೆ ಒಂದು ಕಡೆ, ಆ ಹನಿಗೆ ಮುಂಚೆ ನುಗ್ಗುವ ಗಾಳಿ ಇನ್ನೊಂದು ಕಡೆ. ಆ ಗಾಳಿಗೆ ಚಾವಣಿ ಹೋದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಮಾಡಲೇಬಾರದು ಅನ್ನುವುದು ಇಲ್ಲಿದೆ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಯಾವ ಜೋರು ಗಾಳಿ ಬಂದರೂ ‘ಸುಂಟರಗಾಳಿ’ ಅಂದುಬಿಡುತ್ತೇವೆ. ನಿಜವಾದ ಸುಂಟರಗಾಳಿ ಮೋಡದ ಹೊಟ್ಟೆಯಿಂದ ಆನೆಯ ಸೊಂಡಿಲಿನ ಹಾಗೆ ನೆಲಕ್ಕಿಳಿದು ಗಿರಗಿರ ತಿರುಗುವಂಥದ್ದು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪೈಗುರಿ ಜಿಲ್ಲೆಯ ಮೈನಾಗುರಿ ಕಡೆ ಬಂದದ್ದು ಆ ಜಾತಿಯದು. ದಕ್ಷಿಣ ಕರ್ನಾಟಕದಲ್ಲಿ ಅದು ಅಪರೂಪ. ಇಲ್ಲಿ ಮನೆ ಕೆಡವುವುದು ಗುಡುಗಿನ ಮೋಡದಿಂದ ಕೆಳಕ್ಕೆ ಬೀಳುವ ಗಾಳಿ. ಮಧ್ಯಾಹ್ನದ ಬಿಸಿಲಿಗೆ ಮೇಲೆದ್ದ ಮೋಡದೊಳಗಿನ ಮಳೆ, ಆಲಿಕಲ್ಲು ಬೀಳುವಾಗ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡಿ, ಭಾರ ಮಾಡಿ, ಜೊತೆಗೇ ಎಳೆದು ತರುತ್ತವೆ. ಕೊಡದ ನೀರನ್ನು ಅಂಗಳಕ್ಕೆ ಒಮ್ಮೆಲೇ ಸುರಿದರೆ ನಾಲ್ಕೂ ಕಡೆ ಚಿಮ್ಮುವ ಹಾಗೆ, ನೆಲಕ್ಕೆ ಅಪ್ಪಳಿಸಿದ ಗಾಳಿ ಸುತ್ತಲೂ ನುಗ್ಗುತ್ತದೆ. ಮರುದಿನ ತೋಟಕ್ಕೆ ಹೋಗಿ ಬಿದ್ದ ಬಾಳೆ ನೋಡಿದರೆ ಗೊತ್ತಾಗುತ್ತದೆ. ಎಲ್ಲ ಒಂದೇ ದಿಕ್ಕಿಗೋ ಬೀಸಣಿಗೆಯ ಹಾಗೆ ಹರಡಿಯೋ ಮಲಗಿದ್ದರೆ ಬಿದ್ದದ್ದು ಈ ಗಾಳಿ. ಗಿಡಗಳು ಒಂದರ ಮೇಲೊಂದು ತಿರುಚಿಕೊಂಡು ಅಡ್ಡಾದಿಡ್ಡಿ ಬಿದ್ದಿದ್ದರೆ ಸುಂಟರಗಾಳಿ. ಶೀಟಿನ ಕೆಳಗೆ ಕೂತವರಿಗೆ ಈ ವ್ಯತ್ಯಾಸದಿಂದ ಆಗಬೇಕಾದ್ದೇನೂ ಇಲ್ಲ. ಜೀವ ಉಳಿಸಿಕೊಳ್ಳುವ ದಾರಿ ಎರಡಕ್ಕೂ ಒಂದೇ.

ಗಾಳಿ ಚಾವಣಿಯನ್ನು ತಳ್ಳುವುದಿಲ್ಲ, ಎತ್ತುತ್ತದೆ

ಇದು ಅರ್ಥವಾದರೆ ಮುಂದಿನ ಅರ್ಧ ಕೆಲಸ ತಾನಾಗಿ ಹೊಳೆಯುತ್ತದೆ. ಇಳಿಜಾರು ಚಾವಣಿಯ ಮೇಲೆ ಗಾಳಿ ಹಾದುಹೋಗುವಾಗ ಮೇಲ್ಗಡೆ ಒತ್ತಡ ಕಡಿಮೆಯಾಗಿ ಶೀಟನ್ನು ಮೇಲಕ್ಕೆ ಹೀರುತ್ತದೆ. ಗಾಳಿ ಬರುವ ಕಡೆಯ ಬಾಗಿಲೋ ಕಿಟಕಿಯೋ ತೆರೆದಿದ್ದರೆ ಒಳಗೆ ನುಗ್ಗಿದ್ದು ಕೆಳಗಿನಿಂದಲೂ ಒತ್ತುತ್ತದೆ. ಎರಡೂ ಸೇರಿದಾಗ ಚಾವಣಿ ಏಳುತ್ತದೆ.

ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ನಮ್ಮ ದೇಶದಲ್ಲಿ ಐಎಸ್ 875 ಎಂಬ ಭಾರತೀಯ ಮಾನದಂಡದ ಮೂರನೇ ಭಾಗವೇ ಅಳತೆ. ಅದರಲ್ಲಿ ಮೈಸೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ದೇಶದಲ್ಲೇ ಕಡಿಮೆ ವೇಗದ ವಲಯ ಇದು, ಆದರೂ ಲೆಕ್ಕ ಹಾಕಿ ನೋಡಿ. ಆ ವೇಗದ ಗಾಳಿ ಒಂದು ಚದರ ಮೀಟರಿಗೆ ಸುಮಾರು 65 ಕಿಲೊ ಒತ್ತಡ ಹಾಕುತ್ತದೆ. ಹತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲದ ಜಿಂಕ್ ಶೀಟು ಮೂರು ಚದರ ಮೀಟರಿಗಿಂತ ತುಸು ಹೆಚ್ಚು. ಅದನ್ನು ಮೇಲಕ್ಕೆಳೆಯುವ ಬಲ 200 ಕಿಲೊ ದಾಟುತ್ತದೆ, ಶೀಟಿನ ಸ್ವಂತ ತೂಕ ಸುಮಾರು 15 ಕಿಲೊ. ಅದರ ಮೇಲೆ ನೀವು ಇಟ್ಟಿರುವ ಎರಡು ಕಲ್ಲು, ಒಂದು ಹಳೆ ಟೈರು ಇನ್ನೊಂದು 30 ಕಿಲೊ ಇರಬಹುದು. ಉಳಿದದ್ದನ್ನು ಬೋಲ್ಟು ಹಿಡಿಯಬೇಕು. ಬೋಲ್ಟು ಸಡಿಲವಿದ್ದರೆ ಶೀಟು ಹೋಗುತ್ತದೆ, ಕಲ್ಲು ಮಾತ್ರ ಕೆಳಗೆ ಮಲಗಿದವರ ಮೇಲೆ ಬೀಳುತ್ತದೆ. ಚಾವಣಿಯ ಮೇಲೆ ಕಲ್ಲು ಹೇರುವ ರೂಢಿಯನ್ನು ಬಿಟ್ಟೇಬಿಡಿ.

ಮಂಗಳೂರು ಹೆಂಚಿನದು ಬೇರೆ ಕತೆ. ಒಂದೊಂದು ಹೆಂಚು ಎರಡು ಎರಡೂವರೆ ಕಿಲೊ, ರೀಪಿನ ಮೇಲೆ ಸುಮ್ಮನೆ ಕೂತಿರುತ್ತದೆ. ಮೊದಲು ಏಳುವುದು ಸೂರಿನ ಕೊನೆಯ ಸಾಲು ಮತ್ತು ನೆತ್ತಿಯ ಸಾಲು. ಅಲ್ಲಿ ಬಾಯಿ ಬಿಟ್ಟುಕೊಂಡರೆ ಉಳಿದ ಹೆಂಚುಗಳಿಗೆ ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ಯುಗಾದಿಗೆ ಮುಂಚೆ ಹೆಂಚು ಕೈಯಾಡಿಸುವಾಗ ಸೂರಿನ ಮತ್ತು ನೆತ್ತಿಯ ಎರಡೆರಡು ಸಾಲನ್ನು ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿಯಿಂದ ರೀಪಿಗೆ ಕಟ್ಟಿಸಿ. ಮನೆಪೂರ್ತಿ ಕಟ್ಟಬೇಕಿಲ್ಲ.

ಜಗಲಿಯ ಮುಂದೆ ನೆರಳಿಗೆಂದು ಇಳಿಸಿದ ಶೀಟು ಎಲ್ಲಕ್ಕಿಂತ ದುರ್ಬಲ. ಕೆಳಗೆ ಮೂರು ಕಡೆ ತೆರೆದಿರುವುದರಿಂದ ಗಾಳಿ ಅದನ್ನು ಕೈಹಾಕಿ ಎತ್ತಿದ ಹಾಗೆ ಎತ್ತುತ್ತದೆ. ಆ ಶೀಟು ಮನೆಯ ಮುಖ್ಯ ಚಾವಣಿಯ ತೊಲೆಗೇ ಸೇರಿದ್ದರೆ ತಾನು ಹೋಗುವಾಗ ಅದನ್ನೂ ಎಳೆದುಕೊಂಡು ಹೋಗುತ್ತದೆ. ಜಗಲಿಯ ಶೀಟಿಗೆ ಬೇರೆಯದೇ ಕಂಬ, ಬೇರೆಯದೇ ಪಟ್ಟಿ ಇರಲಿ.

ಮೋಡ ಕವಿದಾಗ ಸಿಗುವ ಹೊತ್ತು

ಈ ಗಾಳಿ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರು ಗಂಟೆಯಿಂದ ರಾತ್ರಿ ಎಂಟರ ಒಳಗೆ. ಬೆಳಗಿನಿಂದ ಸೆಕೆ, ಮಧ್ಯಾಹ್ನ ಒಂದು ಮೂಲೆಯಲ್ಲಿ ಕಪ್ಪು, ಗಾಳಿ ನಿಂತು ಎಲೆ ಅಲುಗದ ಬಿಗುವು, ಆಮೇಲೆ ಇದ್ದಕ್ಕಿದ್ದಂತೆ ಮುಖಕ್ಕೆ ತಣ್ಣನೆ ಗಾಳಿ, ಹಿಂದೆಯೇ ಧೂಳು. ತಣ್ಣನೆಯ ಗಾಳಿ ತಾಗಿದ ಮೇಲೆ ನಿಮಗೆ ಉಳಿಯುವುದು ಕೆಲವೇ ನಿಮಿಷ, ಹಾಗಾಗಿ ಕೆಲಸ ಶುರುವಾಗಬೇಕಾದ್ದು ಗುಡುಗು ಕೇಳಿದಾಗಲೇ. ಮಿಂಚು ಕಂಡದ್ದಕ್ಕೂ ಗುಡುಗು ಕೇಳಿದ್ದಕ್ಕೂ ನಡುವೆ ಎಣಿಸಿ: ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಮೂವತ್ತರ ಒಳಗೆ ಬಂದರೆ ಹೊಲ, ತೋಟ, ಕೆರೆಯಂಗಳ ಬಿಟ್ಟು ಒಳಗೆ ಬನ್ನಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಕನ್ನಡದಲ್ಲೂ ಇದೆ.

ಆ ಹೊತ್ತಿನಲ್ಲಿ ಬಟ್ಟೆ ತೆಗೆಯುವುದು, ಕೊಬ್ಬರಿ ಒಳಗೆ ಹಾಕುವುದು ಎಲ್ಲ ನೆನಪಾಗುತ್ತದೆ. ಮೊದಲು ಮಾಡಬೇಕಾದ್ದು ಇಷ್ಟು:

ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿ. ಸೌದೆ ಒಲೆಯಿದ್ದರೆ ಕೆಂಡಕ್ಕೆ ನೀರು ಹಾಕಿ. ಮೇನ್ ಸ್ವಿಚ್ ಇಳಿಸಿ. ಗಾಳಿ ಬರುವ ಕಡೆಯ ಬಾಗಿಲು, ಕಿಟಕಿ ಮುಚ್ಚಿ ಚಿಲಕ ಹಾಕಿ. ಕಿಟಕಿ ತೆರೆದಿಟ್ಟರೆ ಒತ್ತಡ ಸಮವಾಗಿ ಮನೆ ಉಳಿಯುತ್ತದೆ ಅನ್ನುವುದು ಬಹಳ ದೇಶಗಳಲ್ಲಿ ಓಡಾಡಿದ ತಪ್ಪು ಸಲಹೆ. ಆಗುವುದು ಅದರ ಉಲ್ಟಾ. ದನಗಳು ಶೀಟಿನ ಕೊಟ್ಟಿಗೆಯಲ್ಲಿದ್ದರೆ ಗೂಟದಿಂದ ಬಿಚ್ಚಿ. ಒಂದೇ ಎಳೆತಕ್ಕೆ ಬಿಚ್ಚುವ ಜೀರುಗಂಟು ಈ ಎರಡು ತಿಂಗಳಾದರೂ ರೂಢಿಯಿರಲಿ, ಕುಣಿಕೆ ಬಿಗಿದ ಹಗ್ಗ ಗಾಬರಿಯಲ್ಲಿ ಬಿಚ್ಚುವುದಿಲ್ಲ. ತೆಂಗಿನ ಮರಕ್ಕೆ ಮಾತ್ರ ಕಟ್ಟಬೇಡಿ: ಮೇಲಿನಿಂದ ಕಾಯಿ, ಗರಿ, ಜೊತೆಗೆ ಸಿಡಿಲು.

ಆಮೇಲೆ ಮನೆ ಬಿಡಿ. ಇದಕ್ಕೆ ಒಪ್ಪದವರೇ ಹೆಚ್ಚು. ‘ಅಯ್ಯೋ ಬುಡಿ, ಇಂಥವು ಎಷ್ಟು ಕಂಡಿಲ್ಲ’ ಅನ್ನುವ ಅಜ್ಜ ಎಲ್ಲ ಮನೆಯಲ್ಲೂ ಇರುತ್ತಾರೆ. ಆದರೆ ಮಣ್ಣಿನ ಗೋಡೆ ಅಥವಾ ಇಟ್ಟಿಗೆಯನ್ನು ಮಣ್ಣಲ್ಲೇ ಕೂರಿಸಿದ ಗೋಡೆ, ಮೇಲೆ ಹೆಂಚು ಅಥವಾ ಶೀಟು ಇದ್ದರೆ, ಬೀದಿಯ ತಾರಸಿ ಮನೆಯ ಒಳಕೋಣೆಯೇ ಸರಿಯಾದ ಜಾಗ. ಯಾರ ಮನೆ ಅನ್ನುವುದನ್ನು ಮೋಡ ಬರುವ ಮುಂಚೆಯೇ ಮಾತಾಡಿಕೊಂಡಿರಿ. ‘ಅತ್ತೆ, ಮಳೆ ಬಂದ್ರೆ ನಿಮ್ಮನೇಲೇ ಕೂರ್ತೀವಿ’ ಅಂದರೆ ಬೇಡ ಅನ್ನುವವರು ಹಳ್ಳಿಯಲ್ಲಿ ಯಾರೂ ಇಲ್ಲ. ಸ್ವಂತ ಮನೆಯಲ್ಲೇ ಬಚ್ಚಲಿಗೋ ಕಕ್ಕಸಿಗೋ ಕಾಂಕ್ರೀಟ್ ಹಾಕಿಸಿದ್ದರೆ ಅಷ್ಟೂ ಜನ ಅಲ್ಲಿ ನಿಲ್ಲಿ. ನಾಚಿಕೆಗೆ ಇದು ಹೊತ್ತಲ್ಲ.

ಮಂಡ್ಯ ಕಡೆಯ ಆಲೆಮನೆಗಳಿಗೆ ಬೇರೆಯದೇ ಎಚ್ಚರ ಬೇಕು. ಗಾಣ ನಡೆಯುತ್ತಿರುವಾಗ ಈ ಗಾಳಿ ಬಂದರೆ ಒಲೆಯ ಬಾಯಿಂದ ಕಿಡಿ ಹಾರಿ ಒಣಗಿದ ರಚ್ಚಿನ (ಕಬ್ಬಿನ ಸಿಪ್ಪೆಯ) ರಾಶಿಗೆ ಬೀಳುತ್ತದೆ. ಮೋಡ ಕಂಡ ಕೂಡಲೇ ಒಲೆಗೆ ರಚ್ಚು ಹಾಕುವುದನ್ನು ನಿಲ್ಲಿಸಿ, ಕುದಿಯುವ ಕೊಪ್ಪರಿಗೆಯ ಬಳಿ ಯಾರೂ ಇರಬಾರದು. ಒಂದು ಕೊಪ್ಪರಿಗೆ ಬೆಲ್ಲ ಕೆಟ್ಟರೆ ಕೆಡಲಿ.

ಗಾಳಿ ಬಡಿಯುತ್ತಿರುವಾಗ

ಹೊರಗೆ ಹೋಗಲು ಹೊತ್ತಿಲ್ಲದಿದ್ದರೆ ನಡುಮನೆಯ ಒಳಗೋಡೆಯ ಬುಡ ಹಿಡಿಯಿರಿ. ಮನೆಯ ಎರಡು ತುದಿಗೆ ಮುಕ್ಕೋನವಾಗಿ ಮೇಲಕ್ಕೆದ್ದು ತೊಲೆ ಹೊತ್ತಿರುವ ಗೋಡೆಯಿಂದ ದೂರವಿರಿ, ಚಾವಣಿ ಹೋದ ಕ್ಷಣ ಮೊದಲು ಬೀಳುವುದು ಅದು. ಬಾಗಿಲ ಚೌಕಟ್ಟಿನಲ್ಲಿ ನಿಲ್ಲಬೇಡಿ. ಗಟ್ಟಿಯಾದ ಮರದ ಮಂಚ ಇದ್ದರೆ ಮಕ್ಕಳನ್ನು ಅದರ ಕೆಳಗೆ ತಳ್ಳಿ, ದೊಡ್ಡವರು ಹಾಸಿಗೆ, ಕಂಬಳಿ ತಲೆಯ ಮೇಲೆ ಎಳೆದುಕೊಂಡು ಮೊಣಕಾಲಿಗೆ ತಲೆ ತಾಗಿಸಿ ಕೂರಿ. ಬೈಕಿನ ಹೆಲ್ಮೆಟ್ ಕೈಗೆ ಸಿಕ್ಕರೆ ಹಾಕಿಕೊಳ್ಳಿ. ತಲೆಗೆ ಬೀಳುವ ಹೆಂಚು, ಕತ್ತು ಕೊಯ್ಯುವ ಶೀಟು ಎರಡನ್ನೂ ಗಮನದಲ್ಲಿಟ್ಟು ಹೇಳುತ್ತಿರುವ ಮಾತು ಇದು.

ಏಳುತ್ತಿರುವ ಶೀಟನ್ನು ಹಗ್ಗ ಹಿಡಿದು ಜಗ್ಗುವವರುಂಟು. ಮೇಲೆ ಕೊಟ್ಟ ಲೆಕ್ಕ ನೆನಪಿಸಿಕೊಳ್ಳಿ. ಇನ್ನೂರು ಕಿಲೊ ಎತ್ತುವ ಗಾಳಿಯ ಮುಂದೆ ಅರವತ್ತು ಕಿಲೊ ಮನುಷ್ಯ ಹಗ್ಗದ ಜೊತೆ ತಾನೂ ಹೋಗುತ್ತಾನೆ. ಬಿಟ್ಟುಬಿಡಿ.

ಮೈಸೂರು ನಗರದೊಳಗೆ ಬೈಕಿನಲ್ಲಿದ್ದರೆ ಮಳೆಮರ, ಗುಲ್‌ಮೊಹರ್, ಜಾಹೀರಾತು ಫಲಕದ ಕೆಳಗೆ ನಿಲ್ಲಬೇಡಿ. ಯಾವುದಾದರೂ ಅಂಗಡಿಯ ಒಳಗೆ ಹೋಗಿ.

ಗಾಳಿ ನಿಂತಿತು, ಒಳಗೆ ಹೋಗಬೇಡಿ

ಇಪ್ಪತ್ತು ನಿಮಿಷದಲ್ಲಿ ಗಾಳಿ ಮುಗಿಯುತ್ತದೆ. ಗೋಡೆಯ ಅಪಾಯ ಆಗ ಶುರು, ಮೂರು ನಾಲ್ಕು ದಿನ ಇರುತ್ತದೆ. ಚಾವಣಿಯ ತೊಲೆ, ಜಂತೆ ಮೇಲಿದ್ದಾಗ ಎರಡು ಗೋಡೆಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸಿರುತ್ತವೆ. ಅವು ಹೋದ ಮೇಲೆ ಹತ್ತು ಅಡಿಯ ಗೋಡೆ ಬರೀ ತನ್ನ ದಪ್ಪದ ಮೇಲೆ ನಿಂತಿರುತ್ತದೆ. ಅದರ ನೆತ್ತಿ ತೆರೆದಿದೆ, ಮಳೆ ನೇರ ಒಳಕ್ಕೆ ಇಳಿಯುತ್ತದೆ. ಒಣಮಣ್ಣು ಕಲ್ಲಿನಷ್ಟು ಗಟ್ಟಿ, ಅದೇ ಮಣ್ಣು ನೆಂದರೆ ಮುದ್ದೆ. ಆದ್ದರಿಂದಲೇ ಗಾಳಿಯ ದಿನ ನಿಂತಿದ್ದ ಗೋಡೆ ಎರಡನೇ ರಾತ್ರಿ, ಎಲ್ಲರೂ ‘ಇನ್ನೇನೂ ಆಗಲ್ಲ’ ಅಂದುಕೊಂಡು ಅದರ ಪಕ್ಕದಲ್ಲೇ ಮಲಗಿದಾಗ ಬೀಳುತ್ತದೆ.

ಗೋಡೆಯ ಎತ್ತರ ಎಷ್ಟೋ ಅದರ ಒಂದೂವರೆ ಪಟ್ಟು ದೂರದಲ್ಲಿರಿ. ಹತ್ತಡಿ ಗೋಡೆಗೆ ಹದಿನೈದು ಅಡಿ. ಮಕ್ಕಳನ್ನು ಅದರ ನೆರಳಿಗೂ ಬಿಡಬೇಡಿ.

ಬೆಳಕಿನಲ್ಲಿ ದೂರದಿಂದಲೇ ಪರೀಕ್ಷೆ ಮಾಡಿ. ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಕಪ್ಪಾಗಿ ನೆಂದಿದೆಯೇ? ಮಧ್ಯದಲ್ಲಿ ಹೊಟ್ಟೆ ಬಂದಿದೆಯೇ? ಮೂಲೆಯಲ್ಲಿ ಎರಡು ಗೋಡೆ ಬೇರೆಯಾಗಿ ಸೀಳು ಮೇಲೆ ಅಗಲ, ಕೆಳಗೆ ಕಿರಿದಾಗಿದೆಯೇ? ಮೂರರಲ್ಲಿ ಒಂದು ಇದ್ದರೂ ಆ ಗೋಡೆ ಉಳಿಯುವುದಿಲ್ಲ ಅಂದುಕೊಳ್ಳಿ. ಸಣ್ಣ ಬಿರುಕಿನ ಬಗ್ಗೆ ಅನುಮಾನವಿದ್ದರೆ ಅದರ ಅಡ್ಡಕ್ಕೆ ಸುಣ್ಣದಲ್ಲೊಂದು ಗೆರೆ ಎಳೆದು ಗಂಟೆ, ತಾರೀಖು ಬರೆಯಿರಿ. ಮರುದಿನ ಗೆರೆಯ ಎರಡು ತುಂಡು ಸರಿದಿದ್ದರೆ ಗೋಡೆ ಇನ್ನೂ ನಡೆಯುತ್ತಿದೆ. ತಳ್ಳಿ ನೋಡುವುದು, ದೊಣ್ಣೆಯಲ್ಲಿ ಬಡಿದು ನೋಡುವುದು ಬೇಡ. ಕೆಡವಲೇಬೇಕಾದರೆ ಮಹಜರು (ಅಧಿಕಾರಿಗಳು ಸ್ಥಳ ನೋಡಿ ಬರೆಯುವ ಹಾನಿಯ ವರದಿ) ಆದಮೇಲೆ, ಮೇಲಿನಿಂದ ಕೆಳಕ್ಕೆ, ಒಂದೊಂದು ವರಸೆಯಾಗಿ. ಬುಡ ಅಗೆದು ಉರುಳಿಸಲು ಹೋದರೆ ಅದು ಯಾವ ಕಡೆ ಬೀಳಬೇಕೆಂದು ನಿಮ್ಮನ್ನು ಕೇಳುವುದಿಲ್ಲ.

ಯಾರಾದರೂ ಕೆಳಗೆ ಸಿಕ್ಕಿಕೊಂಡಿದ್ದರೆ 112ಕ್ಕೆ ಮತ್ತು 108ಕ್ಕೆ ಕರೆ ಮಾಡಿ, ಎಲ್ಲರನ್ನೂ ಸುಮ್ಮನಾಗಿಸಿ ಹೆಸರು ಹಿಡಿದು ಕೂಗಿ, ಕೇಳಿಸಿಕೊಳ್ಳಿ. ಕೈಯಿಂದ ಹೆಂಚು, ಮಣ್ಣು ತೆಗೆಯಿರಿ. ಜೆಸಿಬಿ ಬಂದಿತೆಂದು ನೇರ ಬಕೆಟ್ ಹಾಕಿಸಬೇಡಿ. ತೊಲೆಯ ಕೆಳಗೆ ಬಹಳ ಹೊತ್ತು ಕಾಲು ಸಿಕ್ಕಿದ್ದವರ ಮೇಲಿನ ಭಾರವನ್ನು ಆಂಬುಲೆನ್ಸಿನವರು ಬಂದ ಮೇಲೆ ಎತ್ತುವುದು ಒಳ್ಳೆಯದು. ಒತ್ತಡ ಒಮ್ಮೆಲೇ ತೆಗೆದಾಗ, ಜಜ್ಜಿದ ಮಾಂಸದಲ್ಲಿ ಕೂಡಿಕೊಂಡ ವಿಷ ರಕ್ತಕ್ಕೆ ಸೇರಿ ಹೃದಯ ನಿಲ್ಲುವುದುಂಟು. ಮೊಳೆ, ತಗಡು ತಾಗಿದ ಗಾಯ ಸಣ್ಣದಾದರೂ ಧನುರ್ವಾಯು ತಡೆಯುವ ಇಂಜೆಕ್ಷನ್ ಹಾಕಿಸಿ.

ತಂತಿ ಬಿದ್ದಿದ್ದರೆ ಮೂವತ್ತು ಅಡಿ ಆಚೆ ನಿಲ್ಲಿ, 1912ಕ್ಕೆ ತಿಳಿಸಿ. ಎರಡೂ ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಊರಲ್ಲೆಲ್ಲ ದೀಪ ಆರಿದೆ ಅಂದ ಮಾತ್ರಕ್ಕೆ ತಂತಿ ಸತ್ತಿಲ್ಲ. ಫೀಡರ್ (ಊರಿಗೆ ಕರೆಂಟು ತರುವ ಲೈನು) ಮತ್ತೆ ಚಾಲೂ ಆಗಬಹುದು, ಯಾರದೋ ಮನೆಯ ಜನರೇಟರಿನಿಂದ ಹಿಮ್ಮುಖವಾಗಿಯೂ ಬರಬಹುದು. ಹತ್ತಿರವೇ ಸಿಕ್ಕಿಕೊಂಡಿದ್ದರೆ ಹೆಜ್ಜೆ ಎತ್ತದೆ, ಎರಡು ಪಾದ ಜೋಡಿಸಿ ನೆಲಕ್ಕೆ ಉಜ್ಜುತ್ತಾ ಹಿಂದಕ್ಕೆ ಸರಿಯಿರಿ. ಸಿಲಿಂಡರ್ ಮಣ್ಣಡಿ ಹೂತು ವಾಸನೆ ಬರುತ್ತಿದ್ದರೆ ದೂರ ಹೋಗಿ 1906ಕ್ಕೆ ಕರೆ ಮಾಡಿ, ಹತ್ತಿರ ನಿಂತು ಟಾರ್ಚಿನ ಸ್ವಿಚ್ಚೂ ಒತ್ತಬೇಡಿ.

ಬಿದ್ದ ಹೆಂಚಿನ ರಾಶಿಗೆ ಬರಿಗೈ ಹಾಕಬಾರದು. ಇಲಿ, ಅದರ ಹಿಂದೆ ಹಾವು, ಚೇಳು ಎಲ್ಲ ಅಲ್ಲೇ ಸೇರಿರುತ್ತವೆ. ಕೋಲಿನಿಂದ ಕೆದಕಿ, ಆಮೇಲೆ ಎತ್ತಿ. ಸಿಮೆಂಟ್ ಶೀಟಿನ ಚೂರುಗಳಿಗೆ ನೀರು ಚಿಮುಕಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಒಡೆಯದೆ ಇಡಿಯಾಗಿ ಎತ್ತಿಡಿ. ಇಂಥ ಶೀಟುಗಳಲ್ಲಿ ಬಹುಪಾಲು ಕಲ್ನಾರು (ಆಸ್‌ಬೆಸ್ಟಾಸ್) ಇರುತ್ತದೆ, ಒಣಗಿದ ಪುಡಿ ಗುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಮುಟ್ಟುವ ಮುಂಚೆ ವಿಡಿಯೊ

ನೆಂಟರು, ನೆರೆಯವರು ಬಂದು ಅಕ್ಕರೆಯಿಂದ ಅರ್ಧ ಗಂಟೆಯಲ್ಲಿ ಅಂಗಳ ಸ್ವಚ್ಛ ಮಾಡಿಬಿಡುತ್ತಾರೆ. ಪರಿಹಾರ ಕೈತಪ್ಪುವುದು ಅಲ್ಲಿಂದಲೇ. ಮೊದಲು ವಿಡಿಯೊ ಮಾಡಿ. ಬಾಗಿಲಿನ ಮನೆ ನಂಬರು ಅಥವಾ ಮೀಟರ್ ಬೋರ್ಡಿನ ಆರ್‌ಆರ್ ನಂಬರಿನಿಂದ ಶುರು ಮಾಡಿ, ಫೋನು ಕೆಳಗಿಳಿಸದೆ, ಗೋಡೆಯಿಂದ ಮೇಲೆ ಹೇಳಿದಷ್ಟು ದೂರವಿದ್ದು ಮನೆಯನ್ನು ಪೂರ್ತಿ ಒಂದು ಸುತ್ತು ಬನ್ನಿ. ನಾಲ್ಕು ಮೂಲೆ, ಚಾವಣಿ ಹೋದಲ್ಲಿ ಕಾಣುವ ಆಕಾಶ, ಹಾರಿ ಬಿದ್ದ ಶೀಟುಗಳು ಎಲ್ಲಿ ಬಿದ್ದಿವೆಯೋ ಅಲ್ಲೇ. ಒಟ್ಟು ಎಷ್ಟು ಶೀಟು, ಎಷ್ಟು ಹೋದವು ಎಂದು ಬಾಯಲ್ಲಿ ಹೇಳಿ. ಪಾತ್ರೆ, ಬಟ್ಟೆ, ನೆಂದ ರಾಗಿ ಮೂಟೆ, ಸತ್ತ ಕೋಳಿ ಎಲ್ಲವೂ ಬರಲಿ. ಫೋನಿನಲ್ಲಿ ಜಿಪಿಎಸ್ ಆನ್ ಇರಲಿ.

ಅರ್ಜಿ ತಹಶೀಲ್ದಾರರ ಹೆಸರಿಗೆ. ಗ್ರಾಮ ಆಡಳಿತ ಅಧಿಕಾರಿಗೆ ಒಂದು, ಪಂಚಾಯಿತಿಯ ಪಿಡಿಒಗೆ ಒಂದು ಪ್ರತಿ. ರಾತ್ರಿಯೇ ಆದರೆ 1077ಕ್ಕೆ, ಅಂದರೆ ಜಿಲ್ಲಾ ನಿಯಂತ್ರಣ ಕೊಠಡಿಗೆ ತಿಳಿಸಿಡಿ. ಅರ್ಜಿಯಲ್ಲಿ ದೊಡ್ಡ ಮಾತು ಬೇಡ:

‘ದಿನಾಂಕ ಇಂಥದ್ದರ ಸಂಜೆ ಇಷ್ಟು ಗಂಟೆಗೆ ಬೀಸಿದ ಗಾಳಿಮಳೆಗೆ, ಇಂಥ ಗ್ರಾಮದ ಮನೆ ಸಂಖ್ಯೆ ಇಷ್ಟರ ಚಾವಣಿಯ 24 ಶೀಟುಗಳ ಪೈಕಿ 19 ಹಾರಿಹೋಗಿ, ಪಶ್ಚಿಮದ ಗೋಡೆ ಪೂರ್ತಿ, ದಕ್ಷಿಣದ ಗೋಡೆ ಅರ್ಧ ಬಿದ್ದಿದೆ. ಮನೆಯಲ್ಲಿ ವಾಸವಿದ್ದ ಐದು ಜನ ಈಗ ನೆರೆಮನೆಯಲ್ಲಿದ್ದೇವೆ. ಸ್ಥಳ ಪರಿಶೀಲಿಸಿ ಮಹಜರು ಮಾಡಿ ಪರಿಹಾರ ಕೊಡಿಸಬೇಕಾಗಿ ಕೋರಿಕೆ.’

ಜೊತೆಗೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಇ-ಸ್ವತ್ತು ನಮೂನೆ ಅಥವಾ ಮನೆ ಕಂದಾಯದ ರಸೀದಿ, ನಾಲ್ಕು ಫೋಟೊ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇರಬೇಕು. ಕಾಗದಗಳು ನೆಂದು ಹೋಗಿದ್ದರೆ ಅರ್ಜಿ ನಿಲ್ಲಿಸಬೇಡಿ, ‘ದಾಖಲೆ ನಾಶವಾಗಿದೆ, ನಕಲು ಪಡೆದು ಸಲ್ಲಿಸುತ್ತೇನೆ’ ಎಂದು ಬರೆದು ಕೊಡಿ. ಪಹಣಿಯ ನಕಲು ನಾಡಕಚೇರಿಯಲ್ಲಿ ಸಿಗುತ್ತದೆ.

ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು, ಎಂಜಿನಿಯರು ಬಂದು ಮಹಜರು ಬರೆದಾಗ ಸಹಿಗೆ ಮುಂಚೆ ಓದಿ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ನೋಡಬೇಕಾದ್ದು ಒಂದೇ ಪದ: ‘ಭಾಗಶಃ’ ಎಂದಿದೆಯೋ ‘ಪೂರ್ಣ’ ಎಂದಿದೆಯೋ. ಕೇಂದ್ರ ಗೃಹ ಸಚಿವಾಲಯ 2022-23ರಿಂದ 2025-26ಕ್ಕೆ ನಿಗದಿ ಮಾಡಿದ ವಿಪತ್ತು ಪರಿಹಾರ ಮಾನದಂಡದಲ್ಲಿ, ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಅಥವಾ ತೀವ್ರವಾಗಿ ಹಾನಿಯಾದ ಮನೆಗೆ 1,20,000 ರೂಪಾಯಿ. ಶೇ 15ಕ್ಕಿಂತ ಕಡಿಮೆಯಿಲ್ಲದ ಭಾಗಶಃ ಹಾನಿಗೆ ಪಕ್ಕಾ ಮನೆಯಾದರೆ 6,500, ಕಚ್ಚಾ ಮನೆಯಾದರೆ 4,000. ಒಂದು ಪದದ ನಡುವೆ ಲಕ್ಷ ರೂಪಾಯಿಯ ಅಂತರ. ಗುಡಿಸಲಿಗೆ 8,000, ಮನೆಗೆ ಸೇರಿದ ಕೊಟ್ಟಿಗೆಗೆ 3,000, ಬಟ್ಟೆಗೆ 2,500, ಪಾತ್ರೆಗೆ 2,500. ಹಸು ಎಮ್ಮೆಗೆ 37,500, ಎತ್ತಿಗೆ 32,000, ಕುರಿ ಮೇಕೆಗೆ 4,000. ಜೀವ ಹೋದರೆ ಕುಟುಂಬಕ್ಕೆ 4 ಲಕ್ಷ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಚ್ಚು ಕೊಟ್ಟ ವರ್ಷಗಳೂ ಇವೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಈ ವರ್ಷದ ಆದೇಶ ಏನೆಂದು ತಾಲ್ಲೂಕು ಕಚೇರಿಯ ವಿಪತ್ತು ವಿಭಾಗದಲ್ಲಿ ಕೇಳಿ, ಆದೇಶದ ಸಂಖ್ಯೆ ಬರೆದುಕೊಳ್ಳಿ.

ಸತ್ತ ಹಸುವನ್ನು ಪಶುವೈದ್ಯರು ನೋಡುವ ಮುಂಚೆ ಹೂಳಬೇಡಿ. ಸಹಾಯವಾಣಿ 1962. ಮರಣೋತ್ತರ ವರದಿ ಮತ್ತು ಕಿವಿಯೋಲೆಯ ಹನ್ನೆರಡು ಅಂಕಿ ಇಲ್ಲದೆ ಅರ್ಜಿ ಮುಂದೆ ಹೋಗುವುದು ಕಷ್ಟ.

ಎಡವುವ ಜಾಗಗಳು ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ. ಮನೆ ಇನ್ನೂ ತಾತನ ಹೆಸರಲ್ಲಿರುತ್ತದೆ, ಅಣ್ಣತಮ್ಮಂದಿರು ನಾಲ್ಕು ಜನ: ಉಳಿದವರ ಒಪ್ಪಿಗೆ ಪತ್ರ, ವಂಶವೃಕ್ಷ ಅಂದೇ ಸಿದ್ಧ ಮಾಡಿ. ಖಾತೆ ಇರುತ್ತದೆ, ಅದಕ್ಕೆ ಆಧಾರ್ ಜೋಡಣೆಯಾಗಿರುವುದಿಲ್ಲ, ಹಣ ಹೋಗಿ ವಾಪಸ್ ಬರುತ್ತದೆ: ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಜೋಡಣೆ ಆಗಿದೆಯೇ’ ಎಂದೇ ಕೇಳಿ. ಮತ್ತೊಂದು, ಬಹಳ ಜನಕ್ಕೆ ತಿಳಿಯದ್ದು. ಮಹಜರು ಆದ ದಿನ ಚಾವಣಿ ಮಾತ್ರ ಹೋಗಿತ್ತು, ‘ಭಾಗಶಃ’ ಎಂದು ಬರೆದರು. ನಾಲ್ಕನೇ ದಿನ ನೆಂದ ಗೋಡೆ ಬಿತ್ತು. ಹೊಸ ಫೋಟೊ ಸಮೇತ ಮರುಪರಿಶೀಲನೆಗೆ ಇನ್ನೊಂದು ಅರ್ಜಿ ಕೊಡಿ, ಮೊದಲ ಅರ್ಜಿಯ ಸಂಖ್ಯೆ ಅದರಲ್ಲಿರಲಿ. ಬಿರುಕಿಗೆ ಎಳೆದ ಸುಣ್ಣದ ಗೆರೆ, ಅದರ ಪಕ್ಕದ ತಾರೀಖು ಆಗ ಸಾಕ್ಷಿಗೆ ಬರುತ್ತದೆ.

ಬ್ಯಾಂಕ್ ಸಾಲದ ಮೇಲೆ ಕಟ್ಟಿದ ಮನೆಯಾದರೆ ವಿಮೆ ಇದೆಯೇ ನೋಡಿ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬಿರುಗಾಳಿ, ಸುಂಟರಗಾಳಿ ಎರಡೂ ಸೇರಿವೆ. ಕಂತು ಕಟ್ಟುತ್ತಲೇ ಇದ್ದು, ವಿಮೆ ಇರುವುದೇ ಮನೆಯವರಿಗೆ ಗೊತ್ತಿರುವುದಿಲ್ಲ.

ಟಾರ್ಪಾಲು, ಕಾಳು, ನೀರು

ಗೋಡೆ ಗಟ್ಟಿಯಿದೆ ಎಂದು ಖಾತ್ರಿಯಾದರೆ ಮಾತ್ರ ಅದೇ ಮನೆಗೆ ಟಾರ್ಪಾಲು. ಇಲ್ಲವಾದರೆ ಅಂಗಳದಲ್ಲಿ ಬೇರೆ ಗೂಡಾರ. ಅಗ್ಗದ ತೆಳು ಹಾಳೆ ಒಂದು ವಾರದ ಗಾಳಿಗೆ ಹರಿಯುತ್ತದೆ. 200 ಜಿಎಸ್‌ಎಂಗಿಂತ (ಚದರ ಮೀಟರಿಗೆ 200 ಗ್ರಾಂ ತೂಕ) ಕಡಿಮೆಯದು ತೆಗೆದುಕೊಳ್ಳಬೇಡಿ. 20 ಅಡಿಗೆ 12 ಅಡಿಯ ಮನೆಗೆ 24ಕ್ಕೆ 18ರದ್ದು ಬೇಕಾಗುತ್ತದೆ, ಇಳಿಜಾರಿಗೂ ಕೆಳಗೆ ಇಳಿಬಿಡುವುದಕ್ಕೂ. ಟಾರ್ಪಾಲಿನ ಅಂಚಿನ ತೂತಿಗೆ ಮಾತ್ರ ಹಗ್ಗ ಹಾಕಿದರೆ ಆ ತೂತು ಕಿತ್ತುಬರುತ್ತದೆ. ಅಂಚನ್ನು ಒಂದು ರೀಪಿಗೆ ಎರಡು ಸುತ್ತು ಸುತ್ತಿ, ಆ ರೀಪನ್ನು ಹಗ್ಗದಿಂದ ನೆಲದ ಗೂಟಕ್ಕೆ ಎಳೆದು ಕಟ್ಟಿ. ಮೇಲೆ ಇಟ್ಟಿಗೆ ಇಡಬೇಡಿ. ನೀರು ನಿಲ್ಲುವ ತಗ್ಗು ಬಿಟ್ಟರೆ ಮೊದಲ ಮಳೆಗೇ ಕುಸಿಯುತ್ತದೆ. ಟಾರ್ಪಾಲಿಗಿಂತ ಮೊದಲು ಗೋಡೆಯ ನೆತ್ತಿಗೆ ಗೊಬ್ಬರದ ಚೀಲವನ್ನಾದರೂ ಹೊದಿಸಿ.

ನೆಂದ ಭತ್ತ, ರಾಗಿಯನ್ನು ಮೂಟೆಯಲ್ಲಿ ಒಂದು ರಾತ್ರಿ ಬಿಟ್ಟರೆ ಬಿಸಿಯಾಗಿ ಮುಗ್ಗುತ್ತದೆ, ಮೊಳಕೆಯೊಡೆಯುತ್ತದೆ. ಅಂದೇ ಬಿಚ್ಚಿ, ಎರಡು ಮೂರು ಬೆರಳು ದಪ್ಪಕ್ಕೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ. ನೆಂದ ಹಿಟ್ಟು, ಅಕ್ಕಿ ದನಕ್ಕೂ ಬೇಡ, ಬಿಸಾಡಿ. ಸುಣ್ಣ, ಮಣ್ಣು, ಕಲ್ನಾರಿನ ಪುಡಿ ಬಿದ್ದ ತೊಟ್ಟಿಯ ನೀರನ್ನು ಚೆಲ್ಲಿ. ಬಾವಿಯ ನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಬಿಡಿ, ಒಂದು ಗಂಟೆ ಬಿಟ್ಟು ಸೇದಿ.

ಮತ್ತೆ ಹೊದಿಸುವಾಗ

ದುಡ್ಡು ಸಾಲದ ಕಾರಣಕ್ಕೆ ಮತ್ತದೇ ಶೀಟು ಹಾಕುವವರೇ ಬಹಳ. ಹಾಕಿ, ತಪ್ಪಿಲ್ಲ. ಆದರೆ ಬೋಲ್ಟಿನಲ್ಲಿ ಉಳಿಸಬೇಡಿ. ಎಂಟು ಮಿಲಿಮೀಟರ್ ದಪ್ಪದ ಜೆ ಬೋಲ್ಟು (ಇಂಗ್ಲಿಷಿನ J ಅಕ್ಷರದ ಹಾಗೆ ಬಾಗಿದ್ದು), ಅದರ ಮೇಲೆ ಬಟ್ಟಲಿನಾಕಾರದ ಜಿಐ ವಾಷರ್, ಅದರಡಿ ಟಾರಿನ ವಾಷರ್. ಗಾಳಿ ಶೀಟನ್ನು ಎತ್ತುವಾಗ ಹೆಚ್ಚಿನ ಸಲ ಬೋಲ್ಟು ಮುರಿಯುವುದಿಲ್ಲ. ತೂತಿನ ಸುತ್ತ ಶೀಟು ಹರಿದು, ಬೋಲ್ಟನ್ನು ರೀಪಿನಲ್ಲೇ ಬಿಟ್ಟು ತಾನು ಹೋಗುತ್ತದೆ. ಬಿದ್ದ ಶೀಟೊಂದನ್ನು ತಿರುಗಿಸಿ ನೋಡಿ, ತೂತು ಕೀಲಿಕೈಯ ಕಂಡಿಯ ಹಾಗೆ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಅಗಲವಾದ ವಾಷರ್ ಅದನ್ನು ತಡೆಯುತ್ತದೆ. ತೂತು ಶೀಟಿನ ಉಬ್ಬಿನ ಮೇಲಿರಲಿ, ತಗ್ಗಿನಲ್ಲಿದ್ದರೆ ನೀರು ಸೋರಿ ತುಕ್ಕು ಅಲ್ಲಿಂದಲೇ ತಿನ್ನುತ್ತದೆ. ಚಾವಣಿಯ ನಡುವೆ ಮೂರು ಉಬ್ಬಿಗೊಂದು ಬೋಲ್ಟು ನಡೆಯುತ್ತದೆ. ಸೂರಿನಲ್ಲಿ, ನೆತ್ತಿಯಲ್ಲಿ, ಎರಡು ಬದಿಯ ಅಂಚಿನಲ್ಲಿ ಒಂದು ಬಿಟ್ಟು ಒಂದು ಉಬ್ಬಿಗೆ ಬೇಕು, ಹೀರುವ ಬಲ ಅಲ್ಲೇ ಜಾಸ್ತಿ.

ಶೀಟು ತನ್ನ ಕೆಳಗಿನ ಕಬ್ಬಿಣದ ಪೈಪನ್ನು ಹಿಡಿದರೆ ಸಾಲದು, ಪೈಪು ಗೋಡೆಯನ್ನು ಹಿಡಿಯಬೇಕು. ಗೋಡೆಯ ಮೇಲೆ ಸುಮ್ಮನೆ ಪೈಪು ಇಟ್ಟು ಎರಡು ಇಟ್ಟಿಗೆ ಕಟ್ಟಿಬಿಡುವುದು ನಮ್ಮ ಮೇಸ್ತ್ರಿಗಳ ಹಳೆಯ ಅಭ್ಯಾಸ. ಹಾಗೆ ಮಾಡಿದಲ್ಲಿ ಶೀಟು, ಪೈಪು ಎಲ್ಲ ಒಟ್ಟಿಗೇ ಹಾರಿ ಪಕ್ಕದ ಬೀದಿಯಲ್ಲಿ ಬಿದ್ದಿರುತ್ತವೆ. ಗೋಡೆಯ ನೆತ್ತಿಗೆ ನಾಲ್ಕಿಂಚು ದಪ್ಪದ ಕಾಂಕ್ರೀಟ್ ಪಟ್ಟಿ, ಅದರೊಳಗೆ ಎರಡು 10 ಮಿಲಿಮೀಟರ್ ಕಂಬಿ ಸುತ್ತಲೂ. ಪ್ರತಿ ಪೈಪು ಕೂರುವ ಕಡೆ ಅದೇ ದಪ್ಪದ ಒಂದು ಕಂಬಿ, ಕೆಳತುದಿ ಬಗ್ಗಿಸಿ, ಗೋಡೆಯೊಳಕ್ಕೆ ಎರಡು ಅಡಿಯಾದರೂ ಇಳಿದಿರಬೇಕು, ಸುತ್ತ ಕಾಂಕ್ರೀಟ್ ತುಂಬಬೇಕು. ಮೇಲಿನ ತುದಿಯನ್ನು ಪೈಪಿಗೆ ವೆಲ್ಡ್ ಮಾಡಿಸಿ. ಸೂರು ಗೋಡೆಯಿಂದ ಆಚೆ ಒಂದೂವರೆ ಅಡಿ ಸಾಕು. ಹಣ ಒಂದಿಷ್ಟು ಉಳಿದರೆ ಇಡೀ ಮನೆಗೆ ತಾರಸಿ ಆಗದಿದ್ದರೂ ಆರಕ್ಕೆ ಐದು ಅಡಿಯ ಬಚ್ಚಲಿಗೆ ಮಾತ್ರ ಕಾಂಕ್ರೀಟ್ ಹಾಕಿಸಿ, ಮುಂದಿನ ಗಾಳಿಗೆ ಐದು ಜನ ನಿಲ್ಲಲು ಅಷ್ಟು ಸಾಕು.

ಟಾರಿನ ವಾಷರ್ ಒಂದು ಬೇಸಿಗೆಗೆ ಮೆತ್ತಗಾಗಿ ಕೂರುತ್ತದೆ, ಬೋಲ್ಟು ಸಡಿಲವಾಗುತ್ತದೆ. ಯುಗಾದಿಗೆ ಸುಣ್ಣ ಬಳಿಯಲು ಏಣಿ ಹೇಗೂ ಬರುತ್ತದೆ. ಒಂದು 13ರ ಸ್ಪ್ಯಾನರ್ ಕೊಟ್ಟು ಅಂಚಿನ ಬೋಲ್ಟುಗಳ ನಟ್ಟನ್ನು ಅಂದೇ ಅರ್ಧ ಸುತ್ತು ಬಿಗಿ ಮಾಡಿಸಿ. ಏಣಿ ಗೋಡೆಗೆ ಒರಗಲಿ, ಯಾರೂ ಶೀಟಿನ ಮೇಲೆ ಹತ್ತುವುದು ಬೇಡ.